ಊರು ಬಿಟ್ಟವರ ಕುಣಿತ: ಟ್ಯಾಂಗೊ

ದಕ್ಷಿಣ ಅಮೆರಿಕದ ಭೂಪಟವನ್ನು ಹರಡಿಕೊಂಡು ಅದರ ಪೂರ್ವ ಕರಾವಳಿಯಗುಂಟ ಬೆರಳನ್ನು ಕೆಳಕ್ಕೆ ಜಾರಿಸುತ್ತ ಬಂದರೆ, ಒಂದೆಡೆ ನೀರು ಆಲಿಕೆಯಂತೆ ನೆಲದೊಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಅದೇ ರಿಯೊ ಡಿ ಲಾ ಪ್ಲಾಟಾ. ಪರಾನಾ ಮತ್ತು ಉರುಗ್ವೆ ಎಂಬ ಎರಡು ದೊಡ್ಡ ನದಿಗಳು ಕೂಡಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಜಾಗ. ಕಡಲು ಸೇರುವಲ್ಲಿ ಇದರ ಅಗಲ ಸುಮಾರು 220 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗಿರುವ ದೂರಕ್ಕಿಂತ ಹೆಚ್ಚು! ಹೆಸರಿನ ಅರ್ಥ ‘ಬೆಳ್ಳಿಯ ನದಿ’. ಆದರೆ ನೀರಿನ ಬಣ್ಣ ಬೆಳ್ಳಿಯದಲ್ಲ, ಕದಡಿದ ಮಣ್ಣಿನದು. ಬೆಳ್ಳಿ ಸಿಕ್ಕೀತೆಂಬ ಆಸೆಯಿಂದ ಬಂದ ಸ್ಪೇನ್ ದೇಶದವರು ಇಟ್ಟ ಹೆಸರು ಅದು. ಬೆಳ್ಳಿಗೆ ಲ್ಯಾಟಿನ್ ಭಾಷೆಯಲ್ಲಿ ‘ಅರ್ಜೆಂಟಮ್’ ಎನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಬೆಳ್ಳಿಗೆ ‘ಎಜಿ’ ಎಂಬ ಸಂಕೇತ ಬಂದದ್ದೂ, ಅರ್ಜೆಂಟೀನಾ ದೇಶಕ್ಕೆ ಆ ಹೆಸರು ಬಂದದ್ದೂ ಇದೇ ಪದದಿಂದ.

ಈ ನದಿಯ ದಕ್ಷಿಣ ದಡದಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಏರಿಸ್ ಇದೆ. ಉತ್ತರ ದಡದಲ್ಲಿ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೋ. ಕರ್ನಾಟಕದಲ್ಲಿ ಸಂಜೆ ಏಳಕ್ಕೆ ದೇವರಿಗೆ ದೀಪ ಹಚ್ಚುವಾಗ ಅಲ್ಲಿ ಬೆಳಗಿನ ಹತ್ತೂವರೆ. ಇಲ್ಲಿ ಡಿಸೆಂಬರಿನ ಚಳಿಯಿದ್ದರೆ ಅಲ್ಲಿ ಕಡು ಬೇಸಿಗೆ. ಬೆಳ್ಳಿಯನ್ನು ಹುಡುಕಿ ಬಂದವರಿಗೆ ಆ ದಡಗಳಲ್ಲಿ ಬೆಳ್ಳಿ ಸಿಗಲಿಲ್ಲ. ಆದರೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಅದೇ ದಡದ ಬಡವರ ಕೇರಿಗಳಲ್ಲಿ ಒಂದು ಕುಣಿತ ಹುಟ್ಟಿತು. ಅದೇ ಟ್ಯಾಂಗೊ. ಜಗತ್ತಿನ ಎಷ್ಟೋ ಕುಣಿತಗಳು ಸುಗ್ಗಿಯಲ್ಲಿ, ಮದುವೆಯಲ್ಲಿ, ಜಾತ್ರೆಯಲ್ಲಿ ಹುಟ್ಟಿದವು. ಸಂತೋಷ ಉಕ್ಕಿದಾಗ ಜನ ಕುಣಿದರು. ಟ್ಯಾಂಗೊ ಮಾತ್ರ ಒಂಟಿತನದಲ್ಲಿ ಹುಟ್ಟಿತು. ಅದನ್ನು ಕುಣಿಯುವವರ ಮುಖದಲ್ಲಿ ನಗು ಅಪರೂಪ. ಕಣ್ಣು ಅರ್ಧ ಮುಚ್ಚಿರುತ್ತದೆ. ಅದೇಕೆ ಹಾಗೆ ಎಂದು ತಿಳಿಯಬೇಕಾದರೆ ಆ ಊರಿನ ಬೀದಿಗಳಲ್ಲಿ ಸ್ವಲ್ಪ ಸುತ್ತಾಡಬೇಕು.

ಹಡಗಿನಿಂದ ಇಳಿದವರು

ಬ್ಯೂನಸ್ ಏರಿಸ್ ಬಂದರಿನ ಬಳಿ ಉದ್ದನೆಯ ಹಳೆಯ ಕಟ್ಟಡವೊಂದಿದೆ. ಅದರ ಹೆಸರು ‘ವಲಸಿಗರ ಹೋಟೆಲ್’. ಹೆಸರು ಹೋಟೆಲ್ ಎಂದಿದ್ದರೂ ಅದು ದೊಡ್ಡದೊಂದು ಧರ್ಮಛತ್ರದಂತಿತ್ತು. 1911ರಲ್ಲಿ ತೆರೆದ ಈ ಕಟ್ಟಡದಲ್ಲಿ, ಯುರೋಪಿನಿಂದ ಹಡಗಿನಲ್ಲಿ ಬಂದಿಳಿದ ಬಡವರಿಗೆ ಕೆಲವು ದಿನಗಳ ಮಟ್ಟಿಗೆ ಉಚಿತವಾಗಿ ಊಟ, ಹಾಸಿಗೆ ಸಿಗುತ್ತಿತ್ತು. ಅಷ್ಟರೊಳಗೆ ಕೆಲಸ ಹುಡುಕಿಕೊಂಡು ಹೊರಡಬೇಕು. 1953ರವರೆಗೆ ಅದು ನಡೆಯಿತು, ಈಗ ವಸ್ತುಸಂಗ್ರಹಾಲಯವಾಗಿದೆ.

1870ರಿಂದ 1930ರವರೆಗಿನ ಅರವತ್ತು ವರ್ಷಗಳಲ್ಲಿ ಸುಮಾರು 60 ಲಕ್ಷ ಜನ ಅರ್ಜೆಂಟೀನಾಕ್ಕೆ ಬಂದರು. ಇಟಲಿಯವರು ಹೆಚ್ಚು, ಆಮೇಲೆ ಸ್ಪೇನಿನವರು. ಜೊತೆಗೆ ಪೋಲೆಂಡ್, ರಷ್ಯಾ, ಸಿರಿಯಾ ಹೀಗೆ ಹಲವು ದೇಶದವರು. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮತ್ತೆ ಹಿಂದಿರುಗಿದರು. 1914ರ ಜನಗಣತಿಯ ಹೊತ್ತಿಗೆ ದೇಶದ ಜನಸಂಖ್ಯೆ ಸುಮಾರು 79 ಲಕ್ಷ. ಅದರಲ್ಲಿ ನೂರಕ್ಕೆ ಮೂವತ್ತು ಮಂದಿ ಹೊರದೇಶದಲ್ಲಿ ಹುಟ್ಟಿದವರು. ರಾಜಧಾನಿಯಲ್ಲಂತೂ ಎದುರಿಗೆ ಸಿಕ್ಕ ಇಬ್ಬರಲ್ಲಿ ಒಬ್ಬ ಪರದೇಶಿ!

ಬಂದವರಲ್ಲಿ ಗಂಡಸರೇ ಬಹಳ. ಮದುವೆಯಾಗದ ಯುವಕರು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ‘ನಾಲ್ಕು ಕಾಸು ಸಂಪಾದಿಸಿ ಬರುತ್ತೇನೆ’ ಎಂದು ಹೊರಟವರು. ಅವರಿಗೆ ಸಿಕ್ಕ ಸೂರು ‘ಕಾನ್ವೆಂಟಿಯೊ’ ಎಂಬ ವಠಾರ. ಈ ವಠಾರಗಳ ಕಥೆಯೂ ವಿಚಿತ್ರ. ನಗರದ ದಕ್ಷಿಣ ಭಾಗದ ಸ್ಯಾನ್ ಟೆಲ್ಮೊ ಬಡಾವಣೆ ಮೊದಲು ಶ್ರೀಮಂತರದಾಗಿತ್ತು. 1871ರಲ್ಲಿ ಅಲ್ಲಿ ಹಳದಿಜ್ವರದ ಸಾಂಕ್ರಾಮಿಕ ಹರಡಿತು. ಕೆಲವೇ ತಿಂಗಳಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ರೋಗವನ್ನು ಹರಡುವುದು ಸೊಳ್ಳೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಉಳ್ಳವರು ದೊಡ್ಡ ದೊಡ್ಡ ಮನೆಗಳನ್ನು ಬಿಟ್ಟು ಉತ್ತರದ ಬಡಾವಣೆಗಳಿಗೆ ಹೋಗಿ ನೆಲೆಸಿದರು. ಖಾಲಿ ಬಿದ್ದ ಮನೆಗಳನ್ನು ಕೋಣೆಕೋಣೆಯಾಗಿ ಒಡೆದು ವಲಸಿಗರಿಗೆ ಬಾಡಿಗೆಗೆ ಕೊಡಲಾಯಿತು. ಒಂದು ಕುಟುಂಬ ಇದ್ದ ಮನೆಯಲ್ಲಿ ಹತ್ತಾರು ಕುಟುಂಬ. ಒಂದೊಂದು ಕೋಣೆಯಲ್ಲಿ ಐದಾರು ಜನ. ಎಲ್ಲರಿಗೂ ಸೇರಿ ಒಂದು ನಲ್ಲಿ, ನಡುವೆ ಒಂದು ಅಂಗಳ.

ಬಾಡಿಗೆ ವಿಪರೀತ ಏರಿದಾಗ 1907ರಲ್ಲಿ ವಠಾರದವರೆಲ್ಲ ಒಟ್ಟಾಗಿ ಬಾಡಿಗೆ ಕೊಡಲು ನಿರಾಕರಿಸಿ ಮುಷ್ಕರ ಹೂಡಿದರು. ಹೆಂಗಸರು, ಮಕ್ಕಳು ಕೈಯಲ್ಲಿ ಪೊರಕೆ ಹಿಡಿದು ಬೀದಿಯಲ್ಲಿ ಮೆರವಣಿಗೆ ನಡೆಸಿದರು. ಹೀಗೆ ಜಗಳ, ಅಡುಗೆ, ಬಟ್ಟೆ ಒಗೆಯುವುದು ಎಲ್ಲವೂ ನಡೆಯುತ್ತಿದ್ದ ಆ ಅಂಗಳದಲ್ಲೇ ಸಂಜೆಯಾದರೆ ಸಂಗೀತ. ಒಬ್ಬನ ಕೈಯಲ್ಲಿ ಗಿಟಾರ್, ಇನ್ನೊಬ್ಬನ ಕೈಯಲ್ಲಿ ಪಿಟೀಲು, ಮತ್ತೊಬ್ಬನ ಕೈಯಲ್ಲಿ ಕೊಳಲು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಆದರೆ ರಾಗ ತಿಳಿಯುತ್ತಿತ್ತು.

ಮಾತು ತಿಳಿಯದ ಈ ಜನ ಕೂಡಿ ಒಂದು ಹೊಸ ಆಡುಮಾತನ್ನೂ ಕಟ್ಟಿಕೊಂಡರು. ಅದಕ್ಕೆ ‘ಲುನ್ಫಾರ್ದೊ’ ಎಂದು ಹೆಸರು. ಸ್ಪ್ಯಾನಿಷ್ ವ್ಯಾಕರಣದೊಳಗೆ ಇಟಲಿಯ ಊರುಗಳ ಶಬ್ದಗಳು ಅದರಲ್ಲಿ ಧಾರಾಳವಾಗಿವೆ. ನಮ್ಮ ಮಕ್ಕಳು ‘ಕ’ ಭಾಷೆ ಆಡಿ ದೊಡ್ಡವರಿಗೆ ತಿಳಿಯದಂತೆ ಮಾಡುವ ಹಾಗೆ, ಅವರು ಪದದ ಅಕ್ಷರಗಳನ್ನು ಹಿಂದುಮುಂದು ಮಾಡುತ್ತಾರೆ. ‘ಟ್ಯಾಂಗೊ’ ಎನ್ನುವುದು ‘ಗೊಟಾನ್’ ಆಗುತ್ತದೆ! ಟ್ಯಾಂಗೊ ಹಾಡುಗಳ ಸಾಹಿತ್ಯದಲ್ಲಿ ಈ ಬೀದಿಭಾಷೆ ತುಂಬಿಕೊಂಡಿದೆ. 1943ರಲ್ಲಿ ಅಧಿಕಾರಕ್ಕೆ ಬಂದ ಸೈನಿಕ ಸರ್ಕಾರ ರೇಡಿಯೋದಲ್ಲಿ ಅಂಥ ಹಾಡುಗಳಿಗೆ ನಿರ್ಬಂಧ ಹೇರಿತ್ತು. ಆದರೆ ಜನರ ನಾಲಿಗೆಯ ಮೇಲಿದ್ದ ಮಾತು ಸರ್ಕಾರದ ಸುತ್ತೋಲೆಯಿಂದ ಅಳಿಯಲಿಲ್ಲ.

ಮರೆತುಹೋದ ಹೆಜ್ಜೆಗಳು

ಯುರೋಪಿನವರು ತುಂಬಿ ಬಂದ ಈ ನಗರದಲ್ಲಿ ಅವರಿಗಿಂತ ಮೊದಲೇ ಇನ್ನೊಂದು ಜನಾಂಗವಿತ್ತು. ಅವರು ಹಡಗಿನಲ್ಲಿ ಬಂದದ್ದು ತಮ್ಮ ಇಚ್ಛೆಯಿಂದಲ್ಲ. ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಗುಲಾಮರು ಅವರು. 19ನೆಯ ಶತಮಾನದ ಆರಂಭದಲ್ಲಿ ಬ್ಯೂನಸ್ ಏರಿಸ್‌ನ ಜನರಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಭಾಗ ಆಫ್ರಿಕಾ ಮೂಲದವರಿದ್ದರು. ಬಿಡುವಿನ ದಿನಗಳಲ್ಲಿ ಅವರು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. ಆ ಕುಣಿತಕ್ಕೆ ‘ಕಂದೊಂಬೆ’ ಎಂದು ಹೆಸರು. ಅವರು ಸೇರಿ ಕುಣಿಯುವುದಕ್ಕೂ ಆ ಜಾಗಕ್ಕೂ ‘ಟ್ಯಾಂಗೊ’ ಎನ್ನುತ್ತಿದ್ದರು. ಇಂದಿನ ನೃತ್ಯ ರೂಪುಗೊಳ್ಳುವ ಎಷ್ಟೋ ಮೊದಲೇ ಈ ಪದ ಬಳಕೆಯಲ್ಲಿತ್ತು.

ಗುಲಾಮಗಿರಿಯನ್ನು ಅರ್ಜೆಂಟೀನಾದ 1853ರ ಸಂವಿಧಾನ ರದ್ದುಮಾಡಿತು. ಆದರೆ ಯುದ್ಧಗಳಲ್ಲಿ, ರೋಗರುಜಿನಗಳಲ್ಲಿ ಈ ಜನ ಬಹಳಷ್ಟು ನಾಶವಾದರು. ಉಳಿದವರು ವಲಸಿಗರ ಮಹಾಪೂರದಲ್ಲಿ ಬೆರೆತುಹೋದರು. ಕಾಲಕ್ರಮೇಣ ‘ನಮ್ಮದು ಯುರೋಪಿನ ನಗರ’ ಎಂಬ ಹೆಮ್ಮೆಯಲ್ಲಿ ಅವರ ಪಾಲನ್ನು ಮರೆಯಲಾಯಿತು. ಆದರೆ ಹೆಜ್ಜೆ ಮರೆಯಲಿಲ್ಲ. ಆಫ್ರಿಕಾದ ತಾಳ, ಕ್ಯೂಬಾ ದ್ವೀಪದಿಂದ ಬಂದ ‘ಹಬನೇರಾ’ ಎಂಬ ಲಯ, ಹುಲ್ಲುಗಾವಲಿನ ದನಗಾಹಿಗಳು ಗಿಟಾರ್ ಮೀಟಿ ಹಾಡುತ್ತಿದ್ದ ‘ಮಿಲೊಂಗಾ’ ಹಾಡು, ಯುರೋಪಿನ ಜೋಡಿ ನೃತ್ಯಗಳು ಇವೆಲ್ಲ 1880ರ ಆಸುಪಾಸಿನಲ್ಲಿ ಕಲೆತು ಟ್ಯಾಂಗೊ ಆಯಿತು. ಮೊದಮೊದಲ ಪ್ರಸಿದ್ಧ ಟ್ಯಾಂಗೊಗಳಲ್ಲಿ ಒಂದಾದ ‘ಎಲ್ ಎಂತ್ರೆರಿಯಾನೊ’ 1897ರದು. ಅದನ್ನು ರಚಿಸಿದ ರೊಸೆಂದೊ ಮೆಂಡಿಜಾಬಲ್ ಆಫ್ರಿಕಾ ಮೂಲದ ಪಿಯಾನೊ ವಾದಕ. ನದಿಯಾಚೆಯ ಮಾಂಟೆವಿಡಿಯೋದಲ್ಲಿ ಇಂದಿಗೂ ಕಂದೊಂಬೆಯ ಮೂರು ಬಗೆಯ ಡೋಲುಗಳು ಬೀದಿಬೀದಿಯಲ್ಲಿ ಮೊಳಗುತ್ತವೆ. ಅವುಗಳನ್ನು ಕೇಳಿದವರಿಗೆ ಟ್ಯಾಂಗೊದ ಅಜ್ಜನ ಮನೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಹಡಗಿನ ಬಣ್ಣದ ಮನೆಗಳು

ನಗರದ ಇನ್ನೂ ದಕ್ಷಿಣಕ್ಕೆ ಹೋದರೆ ಲಾ ಬೋಕಾ ಎಂಬ ಹಳೆಯ ಬಂದರು ಕೇರಿ ಸಿಗುತ್ತದೆ. ‘ಬೋಕಾ’ ಎಂದರೆ ಬಾಯಿ. ರಿಯಾಚುಯೆಲೊ ಎಂಬ ಸಣ್ಣ ಹೊಳೆಯ ಬಾಯಿ ಅದು. ಇಟಲಿಯ ಜಿನೋವಾ ಬಂದರಿನಿಂದ ಬಂದವರು ಇಲ್ಲಿ ಹೆಚ್ಚಾಗಿ ನೆಲೆಸಿದರು. ಮರದ ಹಲಗೆ, ಅಲೆಅಲೆಯಾದ ತಗಡಿನ ಶೀಟುಗಳಿಂದ ಮನೆ ಕಟ್ಟಿಕೊಂಡರು. ಹಡಗಿಗೆ ಬಳಿದು ಉಳಿದ ಬಣ್ಣವನ್ನೇ ತಂದು ಮನೆಗೆ ಬಳಿದರು. ಒಂದು ಗೋಡೆಗೆ ಸಾಕಾಗುವಷ್ಟು ನೀಲಿ ಸಿಕ್ಕರೆ, ಇನ್ನೊಂದಕ್ಕೆ ಹಳದಿ, ಕಿಟಕಿಗೆ ಕೆಂಪು! ಬಡತನದಿಂದ ಹುಟ್ಟಿದ ಈ ಬಣ್ಣಗಳೇ ಇಂದು ಜಗತ್ಪ್ರಸಿದ್ಧ.

ಈ ಕೇರಿಗೆ ಹೋದ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಹೆಸರು ಬೆನಿತೊ ಕಿಂಕೆಲಾ ಮಾರ್ಟಿನ್. 1890ರಲ್ಲಿ ಹುಟ್ಟಿದ ಈತ ಹಸುಗೂಸಾಗಿದ್ದಾಗಲೇ ಅನಾಥಾಲಯದ ಪಾಲಾದವ. ಲಾ ಬೋಕಾದ ಒಬ್ಬ ಇದ್ದಿಲು ವ್ಯಾಪಾರಿ ದಂಪತಿಗಳು ಅವನನ್ನು ಸಾಕಿಕೊಂಡರು. ಹುಡುಗ ಬಂದರಿನಲ್ಲಿ ಕಲ್ಲಿದ್ದಲಿನ ಮೂಟೆ ಹೊತ್ತ. ಬಿಡುವಿನಲ್ಲಿ ಇದ್ದಿಲಿನಿಂದಲೇ ಚಿತ್ರ ಬರೆದ. ಮುಂದೆ ದೊಡ್ಡ ಚಿತ್ರಕಾರನಾದಾಗ ಬಂದ ಹಣದಲ್ಲಿ ಕೇರಿಯಲ್ಲೇ ಜಾಗ ಕೊಂಡು ದಾನ ಮಾಡಿದ. ಅಲ್ಲಿ 1936ರಲ್ಲಿ ಮಕ್ಕಳ ಶಾಲೆ ಆರಂಭವಾಯಿತು. ಅದರ ಗೋಡೆಗಳಿಗೆ ಬಂದರಿನ ಕೂಲಿಗಳ ಚಿತ್ರಗಳನ್ನು ಅವನೇ ಬರೆದ. ಹಳೆಯ ರೈಲು ಹಾದಿಯಾಗಿದ್ದ ಪಾಳುಗಲ್ಲಿಯೊಂದಕ್ಕೆ ಬಣ್ಣ ತುಂಬಿಸಿ, 1959ರಲ್ಲಿ ಅದನ್ನು ಬಯಲು ಕಲಾಶಾಲೆಯಂತೆ ಮಾಡಿಸಿದವನೂ ಅವನೇ. ಆ ಗಲ್ಲಿಗೆ ‘ಕಾಮಿನಿತೊ’ ಎಂದು ಹೆಸರು. ಅದು ಅವನ ಗೆಳೆಯ, ಲಾ ಬೋಕಾದವನೇ ಆದ ಹುವಾನ್ ಡಿ ಡಿಯೋಸ್ ಫಿಲಿಬೆರ್ತೊ ಸಂಗೀತ ಕೊಟ್ಟ 1926ರ ಟ್ಯಾಂಗೊ ಹಾಡಿನ ಹೆಸರು. ಇಂದು ಅಲ್ಲಿ ಪ್ರವಾಸಿಗರಿಗಾಗಿ ಜೋಡಿಗಳು ಟ್ಯಾಂಗೊ ಕುಣಿಯುತ್ತವೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಆದರೆ ಅಸಲಿ ಟ್ಯಾಂಗೊ ಇರುವುದು ಬೇರೆಡೆ.

ಹಾರ್ಮೋನಿಯಂನ ದಾಯಾದಿ

ಟ್ಯಾಂಗೊ ಎಂದೊಡನೆ ಕಿವಿಯಲ್ಲಿ ನಿಲ್ಲುವುದು ಒಂದು ಬಿಕ್ಕುವ ದನಿ. ಅದು ‘ಬ್ಯಾಂಡೋನಿಯನ್’ ಎಂಬ ವಾದ್ಯದ್ದು. ಎರಡು ಚೌಕ ಪೆಟ್ಟಿಗೆಗಳ ನಡುವೆ ಮಡಿಕೆಮಡಿಕೆಯಾದ ತಿದಿ. ಕುಳಿತು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಎಳೆದು, ಒತ್ತಿ ನುಡಿಸಬೇಕು. ಇದು ಹುಟ್ಟಿದ್ದು ಜರ್ಮನಿಯಲ್ಲಿ, 1840ರ ದಶಕದ ಸುಮಾರಿಗೆ. ಕ್ರೆಫೆಲ್ಡ್ ಊರಿನ ಹೈನ್‌ರಿಶ್ ಬ್ಯಾಂಡ್ ಎಂಬ ಸಂಗೀತಗಾರನ ಹೆಸರೇ ವಾದ್ಯಕ್ಕೂ ಬಂತು. ದೊಡ್ಡ ಆರ್ಗನ್ ಕೊಳ್ಳಲಾಗದ ಕಡೆ ಭಕ್ತಿಗೀತೆಗಳಿಗೂ ಇದನ್ನು ನುಡಿಸುತ್ತಿದ್ದರು. ಹಡಗಿನವರ, ವಲಸಿಗರ ಗಂಟಿನಲ್ಲಿ ಅದು ಅಟ್ಲಾಂಟಿಕ್ ದಾಟಿ ಬಂತು. ದೇವರ ಹಾಡಿಗೆ ಒದಗುತ್ತಿದ್ದ ವಾದ್ಯ ಬಂದರಿನ ಹೆಂಡದಂಗಡಿ ಸೇರಿತು!

ಇದರೊಳಗಿನ ವಿಜ್ಞಾನ ಸರಳ. ಲೋಹದ ತಟ್ಟೆಯಲ್ಲಿ ಒಂದು ಸೀಳು. ಅದರ ಮೇಲೆ ಒಂದು ತುದಿ ಮಾತ್ರ ಬಿಗಿದ ಉಕ್ಕಿನ ತೆಳು ನಾಲಿಗೆ. ಗಾಳಿ ನುಗ್ಗಿದಾಗ ನಾಲಿಗೆ ಸೀಳಿನೊಳಕ್ಕೂ ಹೊರಕ್ಕೂ ಕಂಪಿಸುತ್ತದೆ, ಕಂಪನವೇ ಸ್ವರ. ನಾಲಿಗೆ ಗಿಡ್ಡವಾದರೆ ಸ್ವರ ಏರುತ್ತದೆ, ಉದ್ದವಾದರೆ ಇಳಿಯುತ್ತದೆ. ನಮ್ಮ ಭಜನೆಗಳಲ್ಲಿ, ಕಂಪನಿ ನಾಟಕಗಳಲ್ಲಿ ನುಡಿಯುವ ಹಾರ್ಮೋನಿಯಂನೊಳಗೂ ಇದೇ ತತ್ವ, ಅಲ್ಲಿ ಹಿತ್ತಾಳೆಯ ನಾಲಿಗೆ. ಎರಡೂ ಒಂದೇ ವಂಶದ ವಾದ್ಯಗಳು. ಆದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಬ್ಯಾಂಡೋನಿಯನ್‌ನಲ್ಲಿ ತಿದಿ ಎಳೆಯುವಾಗ ಒಂದು ಸ್ವರ ಕೊಡುವ ಗುಂಡಿ, ಒತ್ತುವಾಗ ಸಾಮಾನ್ಯವಾಗಿ ಬೇರೆ ಸ್ವರ ಕೊಡುತ್ತದೆ! ಟ್ಯಾಂಗೊ ವಾದಕರ ವಾದ್ಯದಲ್ಲಿ ಬಲಗೈಗೆ 38, ಎಡಗೈಗೆ 33, ಒಟ್ಟು 71 ಗುಂಡಿಗಳು. ಎಳೆಯುವುದಕ್ಕೊಂದು, ಒತ್ತುವುದಕ್ಕೊಂದು ಎಂದು ಎರಡೂ ಕೈಗೆ ಸೇರಿ ನಾಲ್ಕು ಬೇರೆ ಬೇರೆ ಸ್ವರವಿನ್ಯಾಸಗಳನ್ನು ಬಾಯಿಪಾಠ ಮಾಡಬೇಕು. ಇದು ವರ್ಷಗಟ್ಟಲೆಯ ಸಾಧನೆ.

ಈ ಸಾಧನೆ ಮಾಡಿದವರಲ್ಲಿ ಒಬ್ಬ ಹುಡುಗಿಯ ಹೆಸರು ನೆನೆಯಬೇಕು. 1900ರಲ್ಲಿ ಹುಟ್ಟಿದ ಪಕೀತಾ ಬೆರ್ನಾರ್ದೊ ಸ್ಪೇನಿನಿಂದ ಬಂದ ವಲಸಿಗರ ಮಗಳು. ಪಿಯಾನೊ ಕಲಿಯಲೆಂದು ಹೋದವಳು ಬ್ಯಾಂಡೋನಿಯನ್‌ಗೆ ಮನಸೋತಳು. ಕಾಲಗಲಿಸಿ ಕುಳಿತು ನುಡಿಸುವ ವಾದ್ಯ. ನುಡಿಸುವ ಜಾಗಗಳಂತೂ ಸಭ್ಯರು ಕಾಲಿಡದಂಥವು. ಅಪ್ಪ ಮೊದಲು ಒಪ್ಪಲಿಲ್ಲ. ಮಗಳು ಬಿಡಲಿಲ್ಲ. ಕೊನೆಗೆ 1921ರಲ್ಲಿ ಅವಳದೇ ವಾದ್ಯವೃಂದ ಕೊರಿಯೆಂಟೆಸ್ ಬೀದಿಯ ಕಾಫಿ ಅಂಗಡಿಯಲ್ಲಿ ನುಡಿಸಿದಾಗ, ಕೇಳಲು ನೆರೆದ ಜನರಿಂದ ಬೀದಿಯ ಸಂಚಾರವೇ ನಿಂತಿತಂತೆ. ಬ್ಯಾಂಡೋನಿಯನ್ ನುಡಿಸುವುದನ್ನೇ ವೃತ್ತಿಯಾಗಿ ಹಿಡಿದ ಮೊದಲ ಮಹಿಳೆ ಅವಳು. 1925ರಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಅವಳಿಗೆ ಇನ್ನೂ 24 ವರ್ಷ. ಅವಳ ವೃಂದದಲ್ಲಿ ಪಿಯಾನೊ ನುಡಿಸುತ್ತಿದ್ದ ಹುಡುಗ ಒಸ್ವಾಲ್ದೊ ಪುಗ್ಲಿಯೆಸೆ ಮುಂದೆ ಟ್ಯಾಂಗೊದ ಮಹಾಗುರುಗಳಲ್ಲಿ ಒಬ್ಬನಾದ.

ಮನೆಯವರು ಬೇಡವೆಂದದ್ದು

ಬ್ಯೂನಸ್ ಏರಿಸ್‌ನ ಮರ್ಯಾದಸ್ಥ ಕುಟುಂಬಗಳು ಟ್ಯಾಂಗೊ ಎಂದರೆ ಮೂಗು ಮುರಿಯುತ್ತಿದ್ದವು. ಗಂಡು ಹೆಣ್ಣು ತಬ್ಬಿಕೊಂಡು ಕುಣಿಯುವುದೆಂದರೇನು? ಅದೂ ಕೂಲಿಗಳ, ಪೋಕರಿಗಳ ಅಡ್ಡೆಗಳಲ್ಲಿ ಹುಟ್ಟಿದ್ದು! ಆದರೆ ಮನೆಯ ಹುಡುಗರೇ ಕದ್ದುಮುಚ್ಚಿ ಅಲ್ಲಿಗೆ ಹೋಗಿ ಕಲಿತರು. ಶ್ರೀಮಂತ ಜಮೀನುದಾರರ ಮಕ್ಕಳು ಪ್ಯಾರಿಸ್‌ಗೆ ಹೋದಾಗ ಅದನ್ನು ಅಲ್ಲಿಗೂ ಒಯ್ದರು. 1912-13ರ ಹೊತ್ತಿಗೆ ಪ್ಯಾರಿಸ್ ಟ್ಯಾಂಗೊ ಹುಚ್ಚಿಗೆ ಬಿತ್ತು. ಲಂಡನ್, ಬರ್ಲಿನ್, ನ್ಯೂಯಾರ್ಕ್ ಹಿಂಬಾಲಿಸಿದವು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್, ಸಮವಸ್ತ್ರ ಧರಿಸಿದ ಅಧಿಕಾರಿಗಳು ಟ್ಯಾಂಗೊ ಕುಣಿಯಕೂಡದೆಂದು 1913ರಲ್ಲಿ ಆಜ್ಞೆ ಹೊರಡಿಸಬೇಕಾಯಿತು! ಪ್ಯಾರಿಸ್ ಮೆಚ್ಚಿದ ಮೇಲೆ ಬ್ಯೂನಸ್ ಏರಿಸ್‌ನ ದೊಡ್ಡ ಮನೆಗಳ ಬಾಗಿಲೂ ತೆರೆಯಿತು. ಹಿತ್ತಲಲ್ಲಿ ಬೆಳೆದ ಗಿಡಕ್ಕೆ ಹೊರಗಿನವರು ಹೊಗಳಿದ ಮೇಲೆ ಬೆಲೆ ಬರುವುದು ಎಲ್ಲ ದೇಶಗಳಲ್ಲೂ ಇರುವ ಸಂಗತಿಯೇ.

ಜಗತ್ತಿನ ಅತ್ಯಂತ ಪ್ರಸಿದ್ಧ ಟ್ಯಾಂಗೊ ರಾಗವನ್ನು ಕಟ್ಟಿದವನು ಒಬ್ಬ ಕಾಲೇಜು ವಿದ್ಯಾರ್ಥಿ ಎಂದರೆ ಹಲವರಿಗೆ ಅಚ್ಚರಿಯಾಗಬಹುದು. ಮಾಂಟೆವಿಡಿಯೋದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಹೆರಾರ್ದೊ ಮಾಟೊಸ್ ರೊಡ್ರಿಗೆಸ್, ವಿದ್ಯಾರ್ಥಿ ಸಂಘದ ಮೆರವಣಿಗೆ ತಂಡಕ್ಕಾಗಿ ಒಂದು ರಾಗ ರಚಿಸಿದ. ಅದೇ ‘ಲಾ ಕುಂಪಾರ್ಸಿತಾ’. ಅವನಿಗಾಗ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಲಾ ಹಿರಾಲ್ದಾ ಎಂಬ ಕಾಫಿ ಅಂಗಡಿಯಲ್ಲಿ ಅದನ್ನು ರೊಬೆರ್ತೊ ಫಿರ್ಪೊ ಎಂಬವನ ವೃಂದ ಮೊದಲು ನುಡಿಸಿತು. ಹುಡುಗ ಅದರ ಹಕ್ಕನ್ನು ಚಿಲ್ಲರೆ ಹಣಕ್ಕೆ ಮಾರಿಬಿಟ್ಟ. ಆಮೇಲೆ ಅದಕ್ಕೆ ಬೇರೆಯವರು ಸಾಹಿತ್ಯ ಸೇರಿಸಿ ಹಾಡು ಲೋಕವಿಖ್ಯಾತವಾದಾಗ ಹಕ್ಕಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. ಆ ಕಾಫಿ ಅಂಗಡಿ ಇದ್ದ ಜಾಗದಲ್ಲಿ ಇಂದು 1928ರಲ್ಲಿ ತೆರೆದ ಪಲಾಸಿಯೊ ಸಾಲ್ವೊ ಎಂಬ ಎತ್ತರದ ಕಟ್ಟಡವಿದೆ. ಅದರಲ್ಲೇ ಟ್ಯಾಂಗೊ ವಸ್ತುಸಂಗ್ರಹಾಲಯವೂ ಇದೆ.

ಇಸ್ತ್ರಿ ಮಾಡುವ ತಾಯಿಯ ಮಗ

1893ರಲ್ಲಿ ಫ್ರಾನ್ಸಿನ ತುಲೂಸ್ ಊರಿನಿಂದ ಬೆರ್ತ್ ಗಾರ್ದೆಸ್ ಎಂಬ ತಾಯಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬ್ಯೂನಸ್ ಏರಿಸ್‌ಗೆ ಬಂದಿಳಿದಳು. ಮಗುವಿಗೆ ತಂದೆಯ ಹೆಸರಿರಲಿಲ್ಲ. ಬಟ್ಟೆಗಳಿಗೆ ಇಸ್ತ್ರಿ ಮಾಡಿ ತಾಯಿ ಮಗನನ್ನು ಸಾಕಿದಳು. ತರಕಾರಿ ಮಾರುಕಟ್ಟೆ ಇದ್ದ ಅಬಾಸ್ತೊ ಕೇರಿಯಲ್ಲಿ ಹಾಡುತ್ತ ಬೆಳೆದ ಆ ಹುಡುಗನೇ ಕಾರ್ಲೊಸ್ ಗಾರ್ಡೆಲ್. ಅದುವರೆಗೆ ಟ್ಯಾಂಗೊ ಮುಖ್ಯವಾಗಿ ಕಾಲಿನ ವಿಷಯವಾಗಿತ್ತು. 1917ರಲ್ಲಿ ಗಾರ್ಡೆಲ್ ‘ಮಿ ನೊಚೆ ತ್ರಿಸ್ತೆ’ ಎಂಬ ಹಾಡನ್ನು ಹಾಡಿದ ಮೇಲೆ ಅದು ಕಂಠದ ವಿಷಯವೂ ಆಯಿತು. ಅಗಲಿದವಳ ನೆನಪು, ಬಿಟ್ಟುಬಂದ ಬೀದಿ, ಮುದುಕಿಯಾದ ತಾಯಿ ಇವು ಟ್ಯಾಂಗೊ ಹಾಡುಗಳ ವಸ್ತುಗಳಾದವು. ಕವಿ ಎನ್ರಿಕೆ ಸಾಂತೊಸ್ ದಿಸೆಪೊಲೊ, ಟ್ಯಾಂಗೊ ಎಂದರೆ ಕುಣಿಯಬಹುದಾದ ಒಂದು ದುಃಖದ ಯೋಚನೆ ಎಂದು ಹೇಳಿದ ಮಾತು ಅಲ್ಲಿ ಗಾದೆಯಂತೆ ಉಳಿದಿದೆ.

1935ರ ಜೂನ್ 24ರಂದು ಕೊಲಂಬಿಯಾದ ಮೆದೆಯಿನ್‌ನಲ್ಲಿ ವಿಮಾನ ಅಪಘಾತದಲ್ಲಿ ಗಾರ್ಡೆಲ್ ಸತ್ತ. ಮರುವರ್ಷ ಅವನ ಶರೀರ ಬ್ಯೂನಸ್ ಏರಿಸ್‌ಗೆ ಬಂದಾಗ ಇಡೀ ನಗರ ಬೀದಿಗಿಳಿದಿತ್ತು. ಚಕರೀತಾ ಸ್ಮಶಾನದಲ್ಲಿ ಅವನ ಕಂಚಿನ ಪ್ರತಿಮೆಯಿದೆ. ಜನ ಇಂದಿಗೂ ಅಲ್ಲಿಗೆ ಹೂ ತರುತ್ತಾರೆ. ಪ್ರತಿಮೆಯ ಬೆರಳುಗಳ ನಡುವೆ ಹೊತ್ತಿಸಿದ ಸಿಗರೇಟು ಇಡುವವರೂ ಇದ್ದಾರೆ. ಅವನು ದಿನದಿನಕ್ಕೂ ಇನ್ನಷ್ಟು ಚೆನ್ನಾಗಿ ಹಾಡುತ್ತಿದ್ದಾನೆ ಎಂಬುದು ಆ ಊರಿನ ಮಾತು. ತಾಯಿಯ ಸಮಾಧಿಯೂ ಮಗನ ಜೊತೆಗೇ ಇದೆ.

ಆ ಪ್ರವಾಸಕ್ಕೆ ಹೊರಡುವ ಮುನ್ನ ಗಾರ್ಡೆಲ್ ನ್ಯೂಯಾರ್ಕ್‌ನಲ್ಲಿ ಒಂದು ಚಲನಚಿತ್ರದಲ್ಲಿ ನಟಿಸಿದ್ದ. ಅದರಲ್ಲಿ ಪತ್ರಿಕೆ ಮಾರುವ ಹುಡುಗನಾಗಿ ಕ್ಷಣಕಾಲ ಕಾಣಿಸಿಕೊಂಡವನು ಆಸ್ಟರ್ ಪಿಯಾಜೊಲ್ಲಾ, ಅರ್ಜೆಂಟೀನಾ ಮೂಲದ ಬಾಲಕ. ಹುಡುಗನ ಬ್ಯಾಂಡೋನಿಯನ್ ಕೇಳಿ ಮೆಚ್ಚಿದ ಗಾರ್ಡೆಲ್ ಅವನನ್ನೂ ಪ್ರವಾಸಕ್ಕೆ ಕರೆದ. ಆದರೆ ಹುಡುಗ ಇನ್ನೂ ಚಿಕ್ಕವನೆಂದು ತಂದೆ ಕಳಿಸಲಿಲ್ಲ. ಆ ಒಂದು ನಿರಾಕರಣೆ ಮಗನ ಪ್ರಾಣ ಉಳಿಸಿತು. ಮುಂದೆ ಪಿಯಾಜೊಲ್ಲಾ ಶಾಸ್ತ್ರೀಯ ಸಂಗೀತಗಾರನಾಗಬೇಕೆಂದು 1954ರಲ್ಲಿ ಪ್ಯಾರಿಸ್‌ಗೆ ಹೋಗಿ ನಾದಿಯಾ ಬುಲಾಂಜೆ ಎಂಬ ಪ್ರಖ್ಯಾತ ಗುರುವಿನ ಬಳಿ ಕಲಿತ. ತಾನು ಟ್ಯಾಂಗೊ ನುಡಿಸುವವನೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಒತ್ತಾಯಿಸಿ ನುಡಿಸಿಸಿದ ಗುರು, ನಿಜವಾದ ಪಿಯಾಜೊಲ್ಲಾ ಇರುವುದು ಇದರಲ್ಲೇ, ಇದನ್ನು ಬಿಡಬೇಡ ಎಂದರು. ಅವನು ಕಟ್ಟಿದ ಹೊಸ ಟ್ಯಾಂಗೊ ಜಗತ್ತಿನ ಸಂಗೀತ ಸಭಾಂಗಣಗಳನ್ನೆಲ್ಲ ಮುಟ್ಟಿತು. ತಂದೆ ತೀರಿಕೊಂಡಾಗ 1959ರಲ್ಲಿ ರಚಿಸಿದ ‘ಆದಿಯೋಸ್ ನೊನಿನೊ’ ಅವನ ಅತ್ಯುತ್ತಮ ಕೃತಿಗಳಲ್ಲಿ ಒಂದು. ನೊನಿನೊ ಎಂಬುದು ಅಂದು ಬೇಡವೆಂದಿದ್ದ ಆ ತಂದೆಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು.

ಮಿಲೊಂಗಾದ ಕಟ್ಟುಪಾಡು

ಟ್ಯಾಂಗೊ ಕುಣಿಯಲು ಜನ ಸೇರುವ ಸಭೆಗೂ ‘ಮಿಲೊಂಗಾ’ ಎಂದೇ ಹೆಸರು. ಸಭೆ ರಂಗೇರುವುದು ರಾತ್ರಿ ಹನ್ನೊಂದರ ಮೇಲೆ. ಸಿನಿಮಾಗಳಲ್ಲಿ ಕಾಣುವ, ಬಾಯಲ್ಲಿ ಗುಲಾಬಿ ಕಚ್ಚಿ ಕಾಲು ಎಸೆಯುವ ಟ್ಯಾಂಗೊ ಅಲ್ಲಿಲ್ಲ. ಅಲ್ಲಿರುವುದು ಸದ್ದಿಲ್ಲದ ನಡಿಗೆ. ಇಪ್ಪತ್ತರ ಹುಡುಗಿ ಎಪ್ಪತ್ತೈದರ ಅಜ್ಜನ ಜೊತೆ ಕುಣಿಯುತ್ತಾಳೆ. ಅಜ್ಜಿಯರ ಜೊತೆ ಹೆಜ್ಜೆ ಹಾಕಲು ಯುವಕರು ಕಾಯುತ್ತಾರೆ.

ಅಲ್ಲಿನ ಕಟ್ಟುಪಾಡು ತಿಳಿದರೆ ‘ತಬ್ಬಿಕೊಂಡು ಕುಣಿಯುವುದು’ ಎಂಬ ಅಳುಕು ಎಷ್ಟೋ ಕಡಿಮೆಯಾಗುತ್ತದೆ. ಯಾರೂ ಯಾರ ಕೈಯನ್ನೂ ಹಿಡಿದೆಳೆಯುವಂತಿಲ್ಲ; ಬಾಯಿಬಿಟ್ಟು ಕೇಳುವುದೂ ವಾಡಿಕೆಯಲ್ಲ. ದೂರದಿಂದಲೇ ಕಣ್ಣಿಗೆ ಕಣ್ಣು ಸೇರಿಸಿ ತಲೆಯನ್ನು ಸ್ವಲ್ಪ ಬಾಗಿಸಬೇಕು. ಎದುರಿನವರಿಗೆ ಒಪ್ಪಿಗೆಯಿದ್ದರೆ ಅವರೂ ತಲೆಯಾಡಿಸುತ್ತಾರೆ. ಇಲ್ಲವಾದರೆ ನೋಟ ಬೇರೆಡೆ ತಿರುಗುತ್ತದೆ. ಬೇಡವೆಂದವರಿಗೆ ಮುಜುಗರವಿಲ್ಲ, ಬೇಡವೆನಿಸಿಕೊಂಡವರಿಗೆ ಅವಮಾನವಿಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ಹಾಡುಗಳ ಒಂದು ಕಂತು ಮುಗಿದೊಡನೆ ಬೇರೆ ಬಗೆಯ ಸಂಗೀತದ ತುಣುಕು ಕೇಳಿಸುತ್ತದೆ. ಆಗ ಎಲ್ಲರೂ ತಂತಮ್ಮ ಜಾಗಕ್ಕೆ ಮರಳಬೇಕು. ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ, ಒಂದರ ಹಿಂದೊಂದು ಸಾಗುತ್ತವೆ, ಮುಂದಿನವರಿಗೆ ತಾಗುವಂತಿಲ್ಲ.

ಈ ನೃತ್ಯದಲ್ಲಿ ಮೊದಲೇ ಗಟ್ಟಿಮಾಡಿದ ಹೆಜ್ಜೆಗಳ ಸಾಲು ಇಲ್ಲ. ಆ ಕ್ಷಣದಲ್ಲೇ ಹುಟ್ಟುತ್ತದೆ. ಹಾಗಾದರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುವುದು ಹೇಗೆ? ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಹೆಜ್ಜೆ ಎತ್ತುವ ಮೊದಲು ದೇಹದ ಗುರುತ್ವಕೇಂದ್ರ ಒಂದು ಕಾಲಿನಿಂದ ಇನ್ನೊಂದು ಕಾಲಿನ ಮೇಲಕ್ಕೆ ಸರಿಯಲೇಬೇಕು. ಮುನ್ನಡೆಸುವವರ ಎದೆಯ ಆ ಸಣ್ಣ ಚಲನೆ ಅಪ್ಪುಗೆಯ ಮೂಲಕ ಜೊತೆಗಾರರಿಗೆ ತಲುಪುತ್ತದೆ. ಅವರ ದೇಹ ಉತ್ತರಿಸುತ್ತದೆ. ಒಂಟಿ ಕಾಲಿನ ಮೇಲೆ ತಿರುಗಿ ಎಂಟರ ಆಕಾರ ಬರೆಯುವ ‘ಒಚೊ’ ಎಂಬ ಹೆಜ್ಜೆಗೆ ಪಾದರಕ್ಷೆ ಸ್ವಲ್ಪ ಜಾರಬೇಕು. ಆದರೆ ಪೂರಾ ಜಾರಿದರೆ ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗಲಾಗದು. ಅದಕ್ಕೇ ನುಣುಪಾದ ಮರದ ನೆಲ, ಚರ್ಮದ ಅಟ್ಟೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕಿಯರಾದ ಮ್ಯಾಡಲಿನ್ ಹ್ಯಾಕ್ನಿ ಮತ್ತು ಗ್ಯಾಮನ್ ಇಯರ್‌ಹಾರ್ಟ್, ಪಾರ್ಕಿನ್ಸನ್ ಕಾಯಿಲೆಯವರಿಗೆ ಟ್ಯಾಂಗೊ ಕಲಿಸಿ ನೋಡಿ, ಅವರ ದೇಹದ ಸಮತೋಲ ಸುಧಾರಿಸಿದ್ದನ್ನು 2007 ಮತ್ತು 2009ರಲ್ಲಿ ಪ್ರಕಟಿಸಿದರು. ಕಾಯಿಲೆ ಗುಣವಾಗುವುದಿಲ್ಲ ನಿಜ. ಆದರೆ ತಡವರಿಸುವ ಕಾಲಿಗೆ ಇನ್ನೊಬ್ಬರ ಆಸರೆ, ಸಂಗೀತದ ಲಯ ಎರಡೂ ಸಿಗುತ್ತವೆ.

ಪಿಯಾನೊ ಮೇಲಿನ ಕೆಂಪು ಹೂವು

1935ರಿಂದ 1955ರವರೆಗಿನ ಎರಡು ದಶಕಗಳನ್ನು ಟ್ಯಾಂಗೊದ ಸುವರ್ಣಯುಗ ಎನ್ನುತ್ತಾರೆ. ಹ್ವಾನ್ ದಾರಿಯೆನ್ಸೊ, ಕಾರ್ಲೊಸ್ ದಿ ಸಾರ್ಲಿ, ಆನಿಬಲ್ ತ್ರೊಯ್ಲೊ, ಪುಗ್ಲಿಯೆಸೆ ಇವರ ವೃಂದಗಳು ನುಡಿಸುತ್ತಿದ್ದರೆ ಕೇರಿಕೇರಿಯ ಕ್ಲಬ್ಬುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಮ್ಯುನಿಸ್ಟನಾಗಿದ್ದ ಪುಗ್ಲಿಯೆಸೆ ತನ್ನ ವೃಂದದ ಗಳಿಕೆಯನ್ನು ಸಹಕಾರ ಪದ್ಧತಿಯಲ್ಲಿ ಹಂಚುತ್ತಿದ್ದ. ರಾಜಕೀಯ ಕಾರಣಕ್ಕೆ ಅವನನ್ನು ಆಗಾಗ ಜೈಲಿಗೆ ಹಾಕಿದಾಗ ವೃಂದ ಅವನಿಲ್ಲದೆಯೇ ನುಡಿಸುತ್ತಿತ್ತು. ಖಾಲಿ ಪಿಯಾನೊದ ಮೇಲೆ ಒಂದು ಕೆಂಪು ಹೂವು ಇರುತ್ತಿತ್ತು. ಅದರ ಅರ್ಥ ಸಭೆಯಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು.

1955ರಲ್ಲಿ ಸೈನ್ಯ ಅಧ್ಯಕ್ಷ ಪೆರೊನ್‌ನನ್ನು ಕೆಳಗಿಳಿಸಿದ ಮೇಲೆ ಕಾಲ ಬದಲಾಯಿತು. ಜನ ಗುಂಪುಗೂಡುವುದನ್ನೇ ಅನುಮಾನದಿಂದ ನೋಡುವ ದಿನಗಳು ಬಂದವು. ಯುವಕರು ರಾಕ್ ಸಂಗೀತದತ್ತ ಹೊರಳಿದರು. 1976ರಿಂದ 1983ರವರೆಗಿನ ಸೈನಿಕ ಸರ್ವಾಧಿಕಾರದಲ್ಲಿ ಸಾವಿರಾರು ಜನ ಕಾಣೆಯಾದರು. ಅಪ್ಪ ಅಮ್ಮ ಕುಣಿಯುತ್ತಿದ್ದ ನೃತ್ಯ ಮಕ್ಕಳಿಗೆ ತಿಳಿಯದೆ ಹೋಯಿತು. ಒಂದು ತಲೆಮಾರು ಬಿಟ್ಟುಹೋದರೆ, ಕಾಗದದ ಮೇಲಿಲ್ಲದ ವಿದ್ಯೆ ಪೂರ್ತಿ ಕಳೆದುಹೋಗುತ್ತದೆ. ಟ್ಯಾಂಗೊ ಆ ಅಂಚಿಗೆ ಬಂದಿತ್ತು. 1983ರಲ್ಲಿ ಪ್ಯಾರಿಸ್‌ನಲ್ಲಿ, 1985ರಲ್ಲಿ ನ್ಯೂಯಾರ್ಕ್‌ನಲ್ಲಿ ‘ಟ್ಯಾಂಗೊ ಅರ್ಜೆಂಟೀನೊ’ ಎಂಬ ಪ್ರದರ್ಶನ ಜಯಭೇರಿ ಹೊಡೆದಾಗ ತವರಿನಲ್ಲೂ ಮತ್ತೆ ಕಿಡಿ ಹೊತ್ತಿತು. ಯುವಕರು ಹಳಬರನ್ನು ಹುಡುಕಿಕೊಂಡು ಹೋಗಿ ಕಲಿತರು. ಆ ಮುದುಕರು ಇಲ್ಲದಿದ್ದರೆ ಕಲಿಯಲು ಏನೂ ಉಳಿದಿರುತ್ತಿರಲಿಲ್ಲ. 2003ರಿಂದ ಬ್ಯೂನಸ್ ಏರಿಸ್‌ನಲ್ಲಿ ವಿಶ್ವ ಟ್ಯಾಂಗೊ ಸ್ಪರ್ಧೆ ಆರಂಭವಾಯಿತು. 2009ರಲ್ಲಿ ಯುನೆಸ್ಕೊ, ಅರ್ಜೆಂಟೀನಾ ಮತ್ತು ಉರುಗ್ವೆ ಎರಡೂ ದೇಶಗಳ ಜಂಟಿ ಪರಂಪರೆಯಾಗಿ ಟ್ಯಾಂಗೊವನ್ನು ಮಾನವಕುಲದ ಆಸ್ತಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಉರುಗ್ವೆಯ ಕಂದೊಂಬೆಯೂ ಆ ಪಟ್ಟಿ ಸೇರಿದ್ದು, ಮರೆತುಹೋದ ಅಜ್ಜನಿಗೆ ಸಂದ ಗೌರವ ಎನ್ನಬಹುದು.

ಗುಲಾಮನಾಗಿ ಬಂದವನು, ಸಾಲ ತೀರಿಸಲು ಬಂದವನು, ಹಸುಗೂಸನ್ನು ಎತ್ತಿಕೊಂಡು ಬಂದವಳು, ಇವರೆಲ್ಲ ತಮ್ಮ ತಮ್ಮ ಊರನ್ನು ಕಳೆದುಕೊಂಡವರು. ಓದಿಗಾಗಿ, ಕೆಲಸಕ್ಕಾಗಿ ಮಕ್ಕಳನ್ನು ದೂರ ಕಳಿಸುವ ತಂದೆತಾಯಿಗಳಿಗೂ, ಹಾಸ್ಟೆಲಿನ ಮೊದಲ ರಾತ್ರಿ ನಿದ್ದೆ ಬಾರದೆ ಹೊರಳಿದ ವಿದ್ಯಾರ್ಥಿಗೂ ಆ ನೋವು ಅಪರಿಚಿತವಲ್ಲ. ಬ್ಯೂನಸ್ ಏರಿಸ್‌ನ ಬಡವರು ಆ ನೋವನ್ನು ಅಪರಿಚಿತರೊಬ್ಬರ ಹೆಗಲಿಗೆ ಒಂದು ಹಾಡಿನಷ್ಟು ಹೊತ್ತು ಒರಗಿಸಲು ದಾರಿ ಕಂಡುಕೊಂಡರು. ಅದಕ್ಕೆ ಭಾಷೆ ಬೇಕಾಗಲಿಲ್ಲ, ಹಣವೂ ಬೇಕಾಗಲಿಲ್ಲ.

ಮಿಲೊಂಗಾ ಮುಗಿಯುವುದು ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ. ಕರ್ನಾಟಕದ ಶಾಲೆಗಳಲ್ಲಿ ಆಗ ಮಕ್ಕಳು ಮಧ್ಯಾಹ್ನದ ಊಟಕ್ಕೆ ಅಣಿಯಾಗುವ ಹೊತ್ತು. ಕೊನೆಯ ಹಾಡು ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ನೂರು ವರ್ಷಗಳ ಹಿಂದೆ ಕಾಲೇಜು ಹುಡುಗನೊಬ್ಬ ಕಟ್ಟಿದ ‘ಲಾ ಕುಂಪಾರ್ಸಿತಾ’ವನ್ನೇ ಕೊನೆಗೆ ನುಡಿಸುವುದು ಸಂಪ್ರದಾಯ. ಅದರ ಮೊದಲ ಸ್ವರ ಕೇಳಿದೊಡನೆ ಕುಳಿತಿದ್ದವರೂ ಎದ್ದು ಬರುತ್ತಾರೆ. ಅದು ಮುಗಿದ ಮೇಲೆ ದೀಪಗಳು ಹೊತ್ತಿಕೊಳ್ಳುತ್ತವೆ, ಎಲ್ಲರೂ ಪಾದರಕ್ಷೆ ಬದಲಿಸಿ ಮನೆಯ ದಾರಿ ಹಿಡಿಯುತ್ತಾರೆ.